ಸೂರಕ್ಕಿಯ ತೋಟ, ಜೇಡನ ನೂಲು

ಹಮ್ಮಿಂಗ್‌ಬರ್ಡ್ ಅಮೆರಿಕ ಖಂಡಗಳ ಹಕ್ಕಿ. ಕರ್ನಾಟಕದ ಕೈತೋಟಗಳಿಗೆ ಮಕರಂದ ಹೀರಲು ಬರುವುದು ಸೂರಕ್ಕಿ. ನೋಟಕ್ಕೆ ನೆಂಟರಂತಿದ್ದರೂ ಎರಡರ ಕುಲ ಬೇರೆ. ಹಮ್ಮಿಂಗ್‌ಬರ್ಡ್ ಗಾಳಿಯಲ್ಲೇ ನಿಂತು ಹೀರುತ್ತದೆ. ಸೂರಕ್ಕಿಗೆ ಸಾಮಾನ್ಯವಾಗಿ ಕೂರಲು ಕಡ್ಡಿ ಬೇಕು. ದಾಸವಾಳ, ಕೇಪಳ, ರತ್ನಗಂಧಿ, ಮೂತಿ ಬಿಟ್ಟ ಬಾಳೆ ಇದ್ದರೆ ಊಟದ ಚಿಂತೆಯಿಲ್ಲ. ದಾಸವಾಳದಲ್ಲಿ ಅದು ಎಷ್ಟೋ ಸಲ ಹೂವಿನ ಬಾಯಿಗೆ ಹೋಗದೆ ಬುಡಕ್ಕೇ ಕೊಕ್ಕು ಚುಚ್ಚುತ್ತದೆ. ಪರಾಗ ಸಾಗಿಸುವ ಕೂಲಿ ಮಾಡದೆ ಉಂಡು ಹೋಗುವ ಶುದ್ಧ ಕಳ್ಳತನ.

ಹಮ್ಮಿಂಗ್‌ಬರ್ಡ್‌ಗೆಂದು ಸಕ್ಕರೆ ನೀರಿನ ಕೆಂಪು ಬಾಟಲಿ ತೂಗುಹಾಕುವುದು ಅಮೆರಿಕದ ರೂಢಿ: ಒಂದು ಪಾಲು ಸಕ್ಕರೆಗೆ ನಾಲ್ಕು ಪಾಲು ನೀರು, ಬಣ್ಣ ಬೇಡ, ಜೇನು ಕೂಡದು. ಇಲ್ಲಿಯ ಬೇಸಿಗೆಯಲ್ಲಿ ಅದು ಬೇಗ ಹುಳಿಯುತ್ತದೆ. ದಾಸವಾಳ ನೆಡಲು ಜಾಗವಿರುವ ಮನೆಗೆ ಆ ಬಾಟಲಿ ದಂಡ.

ಹೂವಿಗಿಂತ ಮುಖ್ಯವಾದದ್ದು ಜೇಡ. ಮರಿಗಳಿಗೆ ಹುಳುಹುಪ್ಪಟೆಯ ಜೊತೆ ಜೇಡವೂ ಆಹಾರ. ಗೂಡಿಗೆ ಜೇಡನ ಬಲೆಯೇ ನೂಲು. ಹಳದಿ ಹೊಟ್ಟೆಯ ಪುಟ್ಟ ಹೆಣ್ಣು ಸೂರಕ್ಕಿ ಸೂರಿನ ಮೂಲೆಗೆ ಬಂದು, ರೆಕ್ಕೆ ಬಡಿಯುತ್ತ ಒಂದು ಗಳಿಗೆ ನಿಂತು, ಬಲೆಯ ಎಳೆ ಎಳೆದೊಯ್ಯುತ್ತದೆ. ನಾರು, ತೊಗಟೆ ಚೂರು, ಒಣ ಎಲೆ, ಕಂಬಳಿಹುಳದ ಹಿಕ್ಕೆ ಎಲ್ಲವನ್ನೂ ಅದರಿಂದಲೇ ಅಂಟಿಸಿ ಜೋಲಾಡುವ ಚೀಲ ಕಟ್ಟುತ್ತದೆ. ಪಕ್ಕದ ಬಾಗಿಲಿಗೆ ಮಳೆ ತಡೆಯುವ ಪುಟ್ಟ ಚಾವಣಿ ಬೇರೆ. ದೂರದಿಂದ ನೋಡಿದರೆ ಕೊಂಬೆಗೆ ಸಿಕ್ಕಿಕೊಂಡ ಕಸವೇ ಸರಿ.

ಕಸವೆಂದೇ ಅದನ್ನು ಕಿತ್ತೆಸೆಯುವವರೂ ಇದ್ದಾರೆ. ಭಾನುವಾರ ಬಂದರೆ ಉದ್ದ ಕೋಲಿನ ಪೊರಕೆ ಹಿಡಿದು ಬಲೆ ಹೊಡೆಯುವುದು, ಎಲೆಗೊಂದು ತೂತು ಕಂಡರೆ ಔಷಧಿ ಸಿಂಪಡಿಸುವುದು, ಆಮೇಲೆ ‘ಇಷ್ಟು ಹೂವಿದ್ದರೂ ಹಕ್ಕಿ ಗೂಡು ಕಟ್ಟುವುದಿಲ್ಲವಲ್ಲ’ ಎಂದು ಕೊರಗುವುದು! ನೂಲು ಸುಟ್ಟು ನೇಕಾರನನ್ನು ಕಾಯುವ ಬುದ್ಧಿ ಇದು. ಇವರಿಗಿಂತ ಅಪಾಯಕಾರಿಗಳು ಚೆಂದದ ಚಿತ್ರಕ್ಕಾಗಿ ಗೂಡಿನ ಸುತ್ತಲ ಎಲೆ ಕತ್ತರಿಸುವ ಕ್ಯಾಮೆರಾ ಶೂರರು. ಕ್ಯಾಮೆರಾಗೆ ಕಂಡದ್ದು ಕಾಗೆಗೂ ಕಾಣುತ್ತದೆ. ಇದನ್ನು ಹವ್ಯಾಸ ಎನ್ನುವುದು ನಾಚಿಕೆಗೇಡು.

ಸೂರಕ್ಕಿಗೆ ಮನುಷ್ಯರ ಭಯ ಕಡಿಮೆ. ಬಳ್ಳಿ, ವಿದ್ಯುತ್ ತಂತಿ, ಬಟ್ಟೆ ಒಣಹಾಕುವ ಹಗ್ಗ, ಎಲ್ಲೆಂದರಲ್ಲಿ ಗೂಡು ನೇತುಹಾಕುತ್ತದೆ. ಸಾಮಾನ್ಯವಾಗಿ ಎರಡು ಮೊಟ್ಟೆ. ಒಡೆಯಲು ಸುಮಾರು ಎರಡು ವಾರ, ಮರಿ ಹಾರಲು ಮತ್ತೆರಡು ವಾರ. ಗೂಡು ಹಗ್ಗದ ಮೇಲಿದ್ದರೆ ಅಷ್ಟು ದಿನ ಬಟ್ಟೆ ಬೇರೆ ಕಡೆ ಒಣಗಲಿ.