ಅಟ್ಟದ ತಳದ ಸಾಲು

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ. ಹುಳಿಯಾರಿನ ನಮ್ಮ ಮನೆಯ ಅಟ್ಟದ ಮೇಲೆ ಅಪ್ಪನೂ ನಾನೂ ಕೂತಿದ್ದೆವು. ಹೋದ ವರ್ಷ ಕೆಡವಿ ಮೇಲೇರಿಸಿದ ಕಾಯಿಗಳನ್ನು ಅಪ್ಪ ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದ. ನಮ್ಮ ಸೀಮೆಯಲ್ಲಿ ಕೊಬ್ಬರಿ ಮಾಡಲು ಆತುರ ನಡೆಯುವುದಿಲ್ಲ. ಬಲಿತ ಕಾಯನ್ನು ಸಿಪ್ಪೆಸಮೇತ ಅಟ್ಟದಲ್ಲಿ ಹತ್ತು ಹನ್ನೊಂದು ತಿಂಗಳು ಬಿಡಬೇಕು. ಒಳಗಿನ ನೀರು ತಾನಾಗಿ ಆರಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಳ್ಳಬೇಕು. ಅಲ್ಲಾಡಿಸಿದಾಗ ಲೊಡಲೊಡ ಸದ್ದು ಬಂದರೆ ಅದು ಸುಲಿದು, ಒಡೆದು, ಉಂಡೆ ಕೊಬ್ಬರಿಯಾಗಿ ತಿಪಟೂರಿನ ಮಾರುಕಟ್ಟೆಗೆ. ಬರದಿದ್ದರೆ ಮತ್ತೆ ಗುಡ್ಡೆಗೆ.

ನಾನು ಬಂದದ್ದು ಕಾಯಿ ನೋಡಲಿಕ್ಕಲ್ಲ. ಐದು ವರ್ಷದ ಫೆಲೋಶಿಪ್ ಮುಗಿದು ಒಂದು ತಿಂಗಳಾಗಿತ್ತು. ಅದೇ ತಿಂಗಳು ನನ್ನ ಪಿಎಚ್‌ಡಿ ಪ್ರಬಂಧದ ಮೂರನೆಯ ಅಧ್ಯಾಯ ಬಿದ್ದುಹೋಗಿತ್ತು. ಎರಡನ್ನೂ ಮನೆಯಲ್ಲಿ ಹೇಳಿರಲಿಲ್ಲ.

“ಅಲ್ಲ ಕಣಮ್ಮ, ಮಗಳು ಏನೋದ್ತಾಳೆ ಅಂದ್ರೆ ಲೆಕ್ಕ ಅಂತೀನಿ. ಯಾವ ಲೆಕ್ಕ ಅಂದ್ರೆ ನಂಗೇ ಗೊತ್ತಿಲ್ಲ,” ಅಂದ ಅಪ್ಪ.

ಗ್ರೇಡೆಡ್ ರಿಂಗ್ ಎಂದರೇನೆಂದು ಅವತ್ತು ಮೊದಲ ಸಲ ಕನ್ನಡದಲ್ಲಿ ಹೇಳಲು ಕೂತೆ. ಕ, ಖ, ಗ ಎಂಬ ಮೂರು ಚರಾಕ್ಷರ ತೆಗೆದುಕೊಳ್ಳಿ. ಒಂದನೆಯ ಘಾತದಲ್ಲಿ ಮೂರು ಪದ: ಕ, ಖ, ಗ. ಎರಡನೆಯದರಲ್ಲಿ ಆರು: ಕ², ಖ², ಗ², ಕಖ, ಖಗ, ಕಗ. ಮೂರನೆಯದರಲ್ಲಿ ಹತ್ತು. ಸೊನ್ನೆಯ ಘಾತದಲ್ಲಿ ಮಾತ್ರ ಒಂದೇ: ಬರೀ 1. ಘಾತಕ್ಕೊಂದು ಗುಡ್ಡೆ. ಎರಡನೆಯ ಗುಡ್ಡೆಯದನ್ನು ಮೂರನೆಯದರಿಂದ ಗುಣಿಸಿದರೆ ಉತ್ತರ ಐದನೆಯ ಗುಡ್ಡೆಗೇ ಬೀಳಬೇಕು. ಇದೇ ರೀತಿ ಗುಡ್ಡೆಗುಡ್ಡೆಯಾಗಿ ನಿಂತು, ರಿಂಗಿನ ಪದಗಳಿಂದ ಗುಣಿಸಿದಾಗೆಲ್ಲ ಏಣಿ ಹತ್ತಿದಂತೆ ಮೇಲಿನ ಗುಡ್ಡೆಗೆ ಏರುವ ವಸ್ತು ಗ್ರೇಡೆಡ್ ಮಾಡ್ಯೂಲ್. ಕಾಯನ್ನು ಕಾಯಿಂದ ಗುಣಿಸಲು ಬರುವುದಿಲ್ಲ ಎಂಬುದೊಂದು ಬಿಟ್ಟರೆ ನಮ್ಮ ಅಟ್ಟಕ್ಕೂ ಅದಕ್ಕೂ ದೂರವಿಲ್ಲ.

ಹೀಗೆ ಎಣಿಸುವುದು ನಮ್ಮ ನಾಡಿಗೆ ಹೊಸದೂ ಅಲ್ಲ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷನ ಕಾಲದಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಆರು ರುಚಿಗಳನ್ನು ಎಷ್ಟು ಬಗೆಯಲ್ಲಿ ಕೂಡಿಸಬಹುದು ಎಂದು ಕೇಳಿ, ಲೆಕ್ಕ ಹಾಕುವ ಸೂತ್ರವನ್ನೂ ಕೊಟ್ಟಿದ್ದಾನೆ. 1, 3, 6, 10 ಎಂಬ ಸಾಲು ಆ ಸೂತ್ರದ ಹತ್ತಿರದ ನೆಂಟ. 1890ರಲ್ಲಿ ಜರ್ಮನಿಯ ಹಿಲ್ಬರ್ಟ್ ಇನ್ನೂ ಮುಂದೆ ಹೋದ. ಕೆಲವೇ ಪದಗಳಿಂದ ಹುಟ್ಟುವ ಮಾಡ್ಯೂಲ್ ಯಾವುದೇ ಇರಲಿ, ಕೆಳಗಿನ ಗುಡ್ಡೆಗಳು ಹೇಗಾದರೂ ಇರಲಿ, ಸಾಕಷ್ಟು ಮೇಲೆ ಹೋದಮೇಲೆ ಎಣಿಕೆ ಒಂದೇ ಸೂತ್ರಕ್ಕೆ ಬಗ್ಗುತ್ತದೆ ಎಂದು ತೋರಿಸಿದ. 1955ರಲ್ಲಿ ಫ್ರಾನ್ಸಿನ ಸೆರ್ ಈ ಮಾಡ್ಯೂಲುಗಳನ್ನು ರೇಖಾಗಣಿತಕ್ಕೆ ಜೋಡಿಸಿದ. ಅವನ ಸೇತುವೆಯ ಆಚೆ ನಿಂತು ನೋಡಿದರೆ ಕಾಣುವುದು ಮೇಲಿನ ಗುಡ್ಡೆಗಳು ಮಾತ್ರ.

ನಾನು ಎಡವಿದ್ದು ಆ ಸೇತುವೆಯ ಮೇಲೆ. ಒಂದು ಕಡೆ 1, 3, 6, 10 ಎಂದು ಏರುವ ಇಡೀ ರಿಂಗ್. ಇನ್ನೊಂದು ಕಡೆ ಅದರಿಂದ ತಳದ 1 ಅನ್ನು ತೆಗೆದುಹಾಕಿ, 0, 3, 6, 10 ಎಂದು ಏರುವ ಭಾಗ. ಇವು ಬೇರೆ ಬೇರೆ ಮಾಡ್ಯೂಲುಗಳು. ಆದರೆ ರೇಖಾಗಣಿತದ ಕಣ್ಣಿಗೆ ಎರಡೂ ಒಂದೇ. ಎರಡನೆಯದಕ್ಕೆ ‘ಅಪ್ರಸ್ತುತ ಐಡಿಯಲ್’ ಎಂದೇ ಹೆಸರು. ನಾನು ಆಚೆ ದಡದಲ್ಲಿ ಎರಡು ವಸ್ತು ಒಂದೇ ಎಂದು ಸಾಧಿಸಿ, ಈಚೆಗೂ ಒಂದೇ ಎಂದು ಬರೆದುಬಿಟ್ಟಿದ್ದೆ. ಅದರ ಮೇಲೆ ನಲವತ್ತು ಪುಟ ಕಟ್ಟಿದ್ದೆ. ಕರಡು ಓದಿದ ಹಿರಿಯರೊಬ್ಬರು ಅಂಚಿನಲ್ಲಿ ಒಂದೇ ಸಾಲು ಬರೆದಿದ್ದರು: ಸೊನ್ನೆಯ ಘಾತದಲ್ಲಿ ಪರೀಕ್ಷಿಸಿದ್ದೀರಾ?

ಪರೀಕ್ಷಿಸಿರಲಿಲ್ಲ.

ಇಷ್ಟು ಹೇಳುವಾಗ ಫೆಲೋಶಿಪ್ ಮುಗಿದದ್ದೂ ಬಾಯಿಗೆ ಬಂತು. ಅಪ್ಪ ಕೈಯಲ್ಲಿದ್ದ ಕಾಯನ್ನು ಕೆಳಗಿಟ್ಟ. ಬೈಯುತ್ತಾನೆ ಅಂದುಕೊಂಡೆ. ಬೈಯಲಿಲ್ಲ. ಗುಡ್ಡೆಯ ಪಕ್ಕಕ್ಕೆ ಸರಿದು, ಮೇಲಿನವನ್ನು ಪಕ್ಕಕ್ಕೆ ಉರುಳಿಸುತ್ತಾ ತಳದ ಸಾಲಿಗೆ ಕೈ ಹಾಕಿದ. “ಮೇಲ್ಗಡೆ ನೋಡಿ ರೇಟು ಕಟ್ಟೋನು ವ್ಯಾಪಾರಿ. ತಳ ನಾವೇ ನೋಡ್ಕೋಬೇಕು ಕಣವ್ವ,” ಅಂದು ಕೊಳೆತ ಕಾಯೊಂದನ್ನು ಎಳೆದು ಹೊರಗೆಸೆದ.

ನಾನು ಎಂಎಸ್ಸಿ ಸೇರಿದ ವರ್ಷ ಈ ಅಟ್ಟ ಖಾಲಿಯಿತ್ತು. ಕೊಬ್ಬರಿಯಾಗುವವರೆಗೆ ಕಾಯಲಾಗದೆ ಅಪ್ಪ ಹಸಿಕಾಯನ್ನೇ ಮಾರಿ ಫೀಸು, ಹಾಸ್ಟೆಲ್ ಎರಡಕ್ಕೂ ಹೊಂದಿಸಿದ್ದ. ನನ್ನ ಬಯೋಡೇಟಾ ಎಂಎಸ್ಸಿಯ ಅಂಕಗಳಿಂದ ಶುರುವಾಗುತ್ತದೆ. ಆ ಖಾಲಿ ಅಟ್ಟ ಅದರಲ್ಲಿ ಎಲ್ಲೂ ಇಲ್ಲ. ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ.

ವಾರ ಬಿಟ್ಟು ಬೆಂಗಳೂರಿಗೆ ಮರಳಿದೆ. ಸೇತುವೆ ದಾಟುವಾಗ ಏನೇನು ಕಳೆಯುತ್ತದೆ, ಏನೇನು ಹೊಸದಾಗಿ ಸೇರುತ್ತದೆ ಎಂದು ಅಳೆಯುವ ಸಾಧನ ನಮ್ಮಲ್ಲಿದೆ. ಲೋಕಲ್ ಕೊಹೊಮಾಲಜಿ ಎನ್ನುತ್ತಾರೆ. 1961ರಲ್ಲಿ ಗ್ರೋಥೆಂಡೀಕ್ ಹಾರ್ವರ್ಡ್‌ನಲ್ಲಿ ಇದರ ಬಗ್ಗೆಯೇ ಪಾಠ ಮಾಡಿದ್ದ. ಅದರ ಮೊದಲೆರಡು ಅಳತೆ ಸೊನ್ನೆಯಾದರೆ ಮಾಡ್ಯೂಲಿನ ತಳವನ್ನು ಆಚೆಯಿಂದಲೂ ಪೂರ್ತಿ ಮರಳಿ ಕಟ್ಟಬಹುದು. ತಳದ 1 ಕಳೆದುಕೊಂಡ ಆ ಭಾಗಕ್ಕೆ ಎರಡನೆಯ ಅಳತೆ ಸೊನ್ನೆಯಲ್ಲ. ಕಳೆದುಹೋದ ಒಂದು ಅಲ್ಲಿ ನಮೂದಾಗಿರುತ್ತದೆ. ನನ್ನ ಪ್ರಮೇಯಕ್ಕೆ ಈ ನಿಬಂಧನೆ ಸೇರಿಸಿದೆ. ನಲವತ್ತು ಪುಟ ಹದಿನೇಳಾಯಿತು. ಮೊದಲಿನಷ್ಟು ದೊಡ್ಡದಲ್ಲ. ಆದರೆ ನಿಜ.

ಫೆಲೋಶಿಪ್ ಮತ್ತೆ ಬರುವುದಿಲ್ಲ. ಸಂಜೆ ಹೊತ್ತು ಟ್ಯೂಷನ್ ಹೇಳುತ್ತಾ ಉಳಿದದ್ದನ್ನು ಬರೆಯುತ್ತಿದ್ದೇನೆ. ಮೊನ್ನೆ ಅಪ್ಪ ಫೋನ್ ಮಾಡಿದ್ದ. ಕೊಬ್ಬರಿ ರೇಟು, ಅವ್ವನ ಮಂಡಿನೋವು ಎಲ್ಲ ಆದಮೇಲೆ ಕೇಳಿದ:

“ಆ ತಳದ್ದು ಒಂದು ಕಳ್ದೋಗಿತ್ತಲ್ಲ, ಸಿಕ್ತೇನಮ್ಮ?”

“ಎಲ್ಲಿದೆ ಅಂತ ಗೊತ್ತಾಯ್ತು ಅಪ್ಪ,” ಅಂದೆ.