ಬ್ಯಾಂಕಿನವರ ಬಡ್ತಿ

ನಮ್ಮ ಕರಾವಳಿಯಲ್ಲಿ ಬ್ಯಾಂಕಿನವರಿಲ್ಲದ ಕುಟುಂಬ ಕಡಿಮೆ. ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯೊಂದರಲ್ಲೇ 1906ರಲ್ಲಿ ಕೆನರಾ ಮತ್ತು ಕಾರ್ಪೊರೇಷನ್, 1924ರಲ್ಲಿ ಕರ್ಣಾಟಕ, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ, ಹೀಗೆ ಐದು ಬ್ಯಾಂಕುಗಳು ಹುಟ್ಟಿದವು. ನಾನು ಮದುವೆಯ ವಯಸ್ಸಿಗೆ ಬಂದ ಕಾಲದಲ್ಲಿ ವರ ಬ್ಯಾಂಕಿನವನೆಂದರೆ ಜಾತಕವನ್ನು ಯಾರೂ ಎರಡನೆಯ ಸಲ ನೋಡುತ್ತಿರಲಿಲ್ಲ. ಇಷ್ಟೊಂದು ಬ್ಯಾಂಕಿನವರ ನಡುವೆ ಬೆಳೆದೂ ನನಗೆ ಬಹುಕಾಲ ಅರ್ಥವಾಗದೆ ಉಳಿದ ಸಂಗತಿ ಒಂದೇ. ಈ ಜನ ಬಡ್ತಿ ಎಂದರೆ ಯಾಕೆ ಹೀಗೆ ಬೆಚ್ಚಿಬೀಳುತ್ತಾರೆ?

ನಮ್ಮ ಪಕ್ಕದ ಮನೆಯವರೊಬ್ಬರು ಮೂವತ್ತಾರು ವರ್ಷ ಕೌಂಟರಿನಲ್ಲೇ ಕುಳಿತು ನಿವೃತ್ತರಾದರು. ಅವರ ಕೈಕೆಳಗೆ ಲೆಕ್ಕ ಕಲಿತ ಹುಡುಗರು ಮ್ಯಾನೇಜರುಗಳಾಗಿ ಬಂದು ಹೋದರು. ಇವರಿಗೆ ಎರಡೆಕರೆ ಅಡಿಕೆ ತೋಟವಿತ್ತು, ಅದಕ್ಕಿಂತ ಮುಖ್ಯವಾಗಿ ತಾಳಮದ್ದಳೆಯ ಹುಚ್ಚಿತ್ತು. "ಆಫೀಸರನಾಗಿ ಬಿಹಾರಕ್ಕೆ ಹೋದರೆ ಅಲ್ಲಿ ನನ್ನ ಕೃಷ್ಣನ ಅರ್ಥ ಕೇಳುವವರು ಯಾರು ಟೀಚರೇ?" ಎನ್ನುತ್ತಿದ್ದರು. ಅವರ ಸಂಧಾನದ ಕೃಷ್ಣನನ್ನು ಕೇಳಿದ ನನಗೆ ಅದು ನ್ಯಾಯವೆಂದೇ ಕಂಡಿದೆ.

ಲೆಕ್ಕ ಹಾಕಿದರೆ ಬ್ಯಾಂಕಿನವರ ಭಯ ಸುಳ್ಳಲ್ಲ. ಗುಮಾಸ್ತನಾಗಿರುವಷ್ಟು ದಿನ ವರ್ಗವಾದರೂ ಸಾಮಾನ್ಯವಾಗಿ ರಾಜ್ಯ ದಾಟುವುದಿಲ್ಲ. ಹೊತ್ತು ಮೀರಿ ಕುಳಿತರೆ ಓವರ್‌ಟೈಮ್ ಉಂಟು. ಒಂದನೆಯ ಸ್ಕೇಲಿನ ಆಫೀಸರಾದೊಡನೆ ಇಡೀ ಭಾರತ ನಮ್ಮದಾಗುತ್ತದೆ, ಓವರ್‌ಟೈಮ್ ಹೋಗುತ್ತದೆ, ಸಾಲದ ಕಾಗದಕ್ಕೆ ಹಾಕಿದ ಸಹಿ ನಿವೃತ್ತಿಯ ದಿನದವರೆಗೂ ಬೆನ್ನ ಹಿಂದೆ ಬರುತ್ತದೆ. ಹಿರಿಯ ಗುಮಾಸ್ತರಿಗೆ ಸ್ಪೆಷಲ್ ಪೇ ಸೇರಿ ಬರುತ್ತಿದ್ದ ಸಂಬಳಕ್ಕೂ ಹೊಸ ಸಂಬಳಕ್ಕೂ ಮೊದಮೊದಲು ಹೆಚ್ಚು ಅಂತರವೂ ಇರುವುದಿಲ್ಲ. ಆ ಅಂತರದಲ್ಲಿ ಪರವೂರಿನಲ್ಲಿ ಇನ್ನೊಂದು ಒಲೆ ಹೂಡಬೇಕು.

ನನ್ನ ತಂಗಿಯ ವಿಷಯ ಬರುವವರೆಗೆ ನಾನು ಇದನ್ನೆಲ್ಲ ದೂರದಿಂದಲೇ ನೋಡುತ್ತಿದ್ದೆ. ಅವಳು 1997ರಲ್ಲಿ ಬಿ.ಎಸ್.ಆರ್.ಬಿ. ಪರೀಕ್ಷೆ ಬರೆದು, ಇಪ್ಪತ್ತೊಂದನೆಯ ವಯಸ್ಸಿಗೆ ಬ್ಯಾಂಕು ಸೇರಿದವಳು. ಯಾವ ಬ್ಯಾಂಕೆಂದು ಹೇಳುವುದಿಲ್ಲ, ಅವಳಿಗೆ ಅಲ್ಲಿ ಇನ್ನೂ ಹನ್ನೊಂದು ವರ್ಷ ಕೆಲಸ ಉಂಟು. ಈಗ ಹೆಡ್ ಕ್ಯಾಶಿಯರ್. ಸ್ಟ್ರಾಂಗ್ ರೂಮಿಗೆ ಎರಡು ಬೀಗದ ಕೈ. ಒಂದು ಅವಳ ಬಳಿ, ಇನ್ನೊಂದು ಆಫೀಸರ ಬಳಿ, ಎರಡೂ ಕೂಡದೆ ಬಾಗಿಲು ತೆರೆಯದು. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟುಗಳು ರದ್ದಾದಾಗ ವಾರಗಟ್ಟಲೆ ರಾತ್ರಿಯವರೆಗೆ ನೋಟು ಎಣಿಸಿ ಅವಳ ಬೆರಳ ತುದಿ ಒಡೆದಿತ್ತು. ಎಣಿಕೆಯಲ್ಲಿ ಕಡಿಮೆ ಬಂದ ಹಣವನ್ನು ಕ್ಯಾಶಿಯರೇ ಕೈಯಿಂದ ತುಂಬಬೇಕಾಗುತ್ತದೆಂಬುದು ನನಗೆ ಗೊತ್ತಾದದ್ದೂ ಆಗಲೇ. ಎರಡನೆಯ ಬೀಗದ ಕೈ ಹಿಡಿದು ಬರುವ ಆಫೀಸರರು ವರ್ಷ ವರ್ಷಕ್ಕೆ ಕಿರಿಯರಾಗುತ್ತಿದ್ದಾರೆ. ಈಗಿನ ಹುಡುಗ ಅವಳ ಮಗಳಿಗಿಂತ ಐದಾರು ವರ್ಷಕ್ಕೆ ದೊಡ್ಡವನು. ಒಳ್ಳೆಯವನೇ, "ಮೇಡಂ, ಇದು ಹೇಗೆ?" ಎಂದು ಕೇಳುತ್ತಾನೆ, ಇವಳು ಹೇಳಿಕೊಡುತ್ತಾಳೆ, ಅವನು ಸಹಿ ಹಾಕುತ್ತಾನೆ.

ಬಡ್ತಿಯ ಸುತ್ತೋಲೆಯನ್ನು ತಂಗಿ ಮೂರು ಸಲ ಬಿಟ್ಟುಕೊಟ್ಟಿದ್ದಳು. ಮೊದಲ ಸಲ ಮಗು ಸಣ್ಣದು. ಎರಡನೆಯ ಸಲ ಅತ್ತೆ ಹಾಸಿಗೆ ಹಿಡಿದಿದ್ದರು. ಮೂರನೆಯ ಸಲ ಮಗಳ ಎಸ್ಸೆಸ್ಸೆಲ್ಸಿ. ಹೋದ ವರ್ಷ ನಾಲ್ಕನೆಯ ಸುತ್ತೋಲೆ ಬಂದಾಗ ಮಗಳು ಎಂಜಿನಿಯರಿಂಗ್ ಹಾಸ್ಟೆಲಿನಲ್ಲಿದ್ದಳು, ಅತ್ತೆ ತೀರಿಕೊಂಡಿದ್ದರು, ಆದರೆ ನಮ್ಮ ಅಮ್ಮ ಅವಳ ಮನೆಯಲ್ಲಿದ್ದರು.

ಒಂದು ಭಾನುವಾರ ಬಂದು, "ಅಕ್ಕಾ, ಈ ಸಲ ಬರೆಯುವುದಾ ಬೇಡವಾ ಹೇಳು. ಇಲ್ಲದಿದ್ದರೆ ಬಿಟ್ಟೇಬಿಡುತ್ತೇನೆ, ಇಪ್ಪತ್ತು ವರ್ಷ ದಾಟಿದವರಿಗೆ ಸ್ವಯಂ ನಿವೃತ್ತಿಗೂ ಪಿಂಚಣಿ ಉಂಟು. ಮಕ್ಕಳಿಗೆ ಬ್ಯಾಂಕ್ ಪರೀಕ್ಷೆಗೆ ಪಾಠ ಹೇಳುತ್ತೇನೆ" ಎಂದಳು.

ಬಿಡುವ ಮಾತು ಕೇಳಿ ನನಗೆ ನೆನಪಾದದ್ದು ನಮ್ಮ ಸಂಬಂಧಿಕರೊಬ್ಬರು. 2000-01ರಲ್ಲಿ ಬ್ಯಾಂಕುಗಳು ಒಟ್ಟೊಟ್ಟಿಗೆ ಸ್ವಯಂ ನಿವೃತ್ತಿ ಯೋಜನೆ ತಂದಾಗ ಕೈತುಂಬ ಹಣ ತಂದು ಎಸ್.ಟಿ.ಡಿ. ಬೂತು ಹಾಕಿದರು. ನಾಲ್ಕೈದು ವರ್ಷಗಳಲ್ಲಿ ಎಲ್ಲರ ಕಿಸೆಯಲ್ಲೂ ಮೊಬೈಲು. ಗಾಜಿನ ಗೂಡು ಕೊನೆಗೆ ಅವರ ಮನೆಯ ಹಿಂದೆ ಕೋಳಿಗಳಿಗಾಯಿತು. ತಂಗಿಗೆ ಪಾಠ ಹೇಳುವ ಕಲೆ ಉಂಟು, ಆ ಪ್ರಯತ್ನ ಕೋಳಿಗೂಡಾಗಲಿಕ್ಕಿಲ್ಲ. ಆದರೂ ಅವಳ ದನಿಯಲ್ಲಿ ಪಾಠದ ಆಸೆಗಿಂತ ಆ ಹುಡುಗನ ಸಹಿಯ ಬೇಸರವೇ ಹೆಚ್ಚು ಕೇಳಿಸಿತು.

ಮನೆಯಲ್ಲಿ ಮಾತು ಶುರುವಾಯಿತು. ಅವಳ ಗಂಡ ಅಂಗಡಿಯವರು, ಒಳ್ಳೆಯ ಮನುಷ್ಯ. "ನಿನ್ನ ಇಷ್ಟ" ಎಂದರು. ಈ "ನಿನ್ನ ಇಷ್ಟ" ಎಂಬುದರಷ್ಟು ಭಾರದ ಮಾತು ಕನ್ನಡದಲ್ಲಿ ಇನ್ನೊಂದಿಲ್ಲ. ನೆಂಟರು ಕೇಳಿದ್ದು ಒಂದೇ ಪ್ರಶ್ನೆ: ಮನೆ ನೋಡಿಕೊಳ್ಳುವವರು ಯಾರು? ಅವಳ ಮೈದುನನೂ ಬ್ಯಾಂಕಿನವನೇ. ಆಫೀಸರನಾಗಿ ಜಾರ್ಖಂಡಿಗೆ ಹೊರಟಾಗ ಅವನ ಮಗನಿಗೆ ಎರಡು ವರ್ಷ. ಆ ಪ್ರಶ್ನೆ ಆಗ ಯಾರ ಬಾಯಲ್ಲೂ ಬರಲಿಲ್ಲ. ಮಿಡಿ ಉಪ್ಪಿನಕಾಯಿಯ ಭರಣಿ, ಹಲಸಿನ ಹಪ್ಪಳದ ಕಟ್ಟು ಕೊಟ್ಟು, ದೇವರಿಗೆ ದೀಪ ಹಚ್ಚಿ ಕಳಿಸಿದೆವು. ಹಪ್ಪಳ ಕಟ್ಟಿದವಳು ನನ್ನ ತಂಗಿಯೇ.

ನಾನೂ ಕೆಲವು ವರ್ಷಗಳ ಹಿಂದೆ ಮುಖ್ಯೋಪಾಧ್ಯಾಯಿನಿಯ ಬಡ್ತಿಯನ್ನು ಬೇಡವೆಂದವಳು. ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ನನಗೆ ಹತ್ತನೆಯ ತರಗತಿಯ ಕನ್ನಡ ಪಾಠ ಬೇಕಿತ್ತು, ಬಿಸಿಯೂಟದ ಅಕ್ಕಿಯ ಲೆಕ್ಕ ಬೇಡವಾಗಿತ್ತು. ಪಕ್ಕದ ಮನೆಯವರಿಗೆ ಕೃಷ್ಣನಿದ್ದ ಹಾಗೆ ನನಗೆ ತರಗತಿಯಿತ್ತು. ತಂಗಿಯನ್ನು ಕೇಳಿದೆ, "ನಿನಗೆ ಆ ಕೌಂಟರ್ ಬೇಕಾ?" ಅವಳು ತಟ್ಟೆಯ ಅಂಚನ್ನು ಬೆರಳಿನಿಂದ ಉಜ್ಜುತ್ತ ತುಂಬ ಹೊತ್ತು ಸುಮ್ಮನಿದ್ದಳು. ಮೂರು ಸಲ ಬಿಟ್ಟುಕೊಟ್ಟದ್ದರಲ್ಲಿ ಒಂದು ಸಲವೂ ಅವಳಿಗೆ ಬೇಡವಾಗಿರಲಿಲ್ಲ ಎಂದು ನನಗೆ ಆಗ ಖಾತ್ರಿಯಾಯಿತು. ಬರಿ ಎಂದೆ.

ಹಾಗೆ ಹೇಳುವುದು ಸುಲಭ. ಮೊದಲಾದರೆ ನಮ್ಮ ಜಿಲ್ಲೆಯ ಬ್ಯಾಂಕು ಎಂಬ ಒಂದು ಸಲಿಗೆಯಾದರೂ ಇತ್ತು. 2019ರಲ್ಲಿ ವಿಜಯಾ ಬ್ಯಾಂಕು ಬರೋಡಾದೊಳಗೆ ಹೋಯಿತು, 2020ರಲ್ಲಿ ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲಿ, ಸಿಂಡಿಕೇಟ್ ಕೆನರಾದಲ್ಲಿ ಸೇರಿದವು. ವಿವಾಹಿತ ಮಹಿಳಾ ಅಧಿಕಾರಿಗಳನ್ನು ಆದಷ್ಟು ಗಂಡನಿರುವ ಊರಿಗೆ ಹತ್ತಿರ ಹಾಕಬೇಕೆಂದು ಕೇಂದ್ರ ಹಣಕಾಸು ಸಚಿವಾಲಯ 2014ರಲ್ಲಿ ಬ್ಯಾಂಕುಗಳಿಗೆ ಸೂಚನೆ ಕೊಟ್ಟದ್ದನ್ನು ನಾನು ಎತ್ತಿ ತೋರಿಸಿದೆ. ತಂಗಿ ನಕ್ಕಳು. "ಆದಷ್ಟು ಅಂತ ಉಂಟಲ್ಲ ಅಕ್ಕಾ, ಆ ಶಬ್ದವೇ ನಮ್ಮನ್ನು ನಾಗಪುರಕ್ಕೆ ಕಳಿಸುವುದು." 2013ರಲ್ಲಿ ಸ್ಟೇಟ್ ಬ್ಯಾಂಕಿನ ಮೊದಲ ಮಹಿಳಾ ಅಧ್ಯಕ್ಷೆಯಾದ ಅರುಂಧತಿ ಭಟ್ಟಾಚಾರ್ಯರ ಹೆಸರನ್ನೂ ಹೇಳಿನೋಡಿದೆ. ಅದಕ್ಕೆ ಅವಳು, "ಅವರು ಆಫೀಸರಾಗಿಯೇ ಸೇರಿದವರು, ನಾನು ನಲವತ್ತೊಂಬತ್ತಕ್ಕೆ ಮೊದಲನೆಯ ಮೆಟ್ಟಿಲು" ಎಂದಳು.

ಆದರೂ ಕೊನೆಯ ದಿನ ಅರ್ಜಿ ಹಾಕಿದಳು. ರಾತ್ರಿ ಹತ್ತಕ್ಕೆ ಕುಳಿತು ಓದಿ, ಪರೀಕ್ಷೆ ಬರೆದು, ಪಾಸೂ ಆದಳು. ಇನ್ನು ಸಂದರ್ಶನ ಬಾಕಿ. ಗಂಡ ಹಿಂದಿ ವಾರ್ತೆ ಹಾಕಿ ಅವಳನ್ನು ಕರೆದು ಕೂರಿಸುತ್ತಾರಂತೆ.

ಇಷ್ಟೂ ದಿನ ಅಮ್ಮನನ್ನು ಯಾರೂ ಏನೂ ಕೇಳಿರಲಿಲ್ಲ. ಎಂಬತ್ತೊಂದು ವರ್ಷ, ಮೊಣಕಾಲು ಬಗ್ಗುವುದಿಲ್ಲ, ಕಿವಿ ಮಾತ್ರ ಚುರುಕು. ಕಳೆದ ವಾರ ತಾವಾಗಿಯೇ ಫೋನು ತರಿಸಿಕೊಂಡು ನನ್ನೊಡನೆ ಮಾತಾಡಿದರು. "ಅವಳು ಹೋಗುವುದಾದರೆ ನಾನು ನಿನ್ನಲ್ಲಿಗೆ ಬರುತ್ತೇನೆ. ಆದರೆ ನಿನ್ನ ಬಚ್ಚಲಿಗೆ ಎರಡು ಮೆಟ್ಟಿಲು ಉಂಟಲ್ಲ ಮಗಾ, ಅದು ನನಗೆ ಆಗುವುದಿಲ್ಲ."

ನಿನ್ನೆ ಗಾರೆಯವನು ಬಂದು ಅಳತೆ ತೆಗೆದುಕೊಂಡು ಹೋದ. ಮೆಟ್ಟಿಲು ಒಡೆದು ಇಳಿಜಾರು ಮಾಡಿ, ಗೋಡೆಗೊಂದು ಸ್ಟೀಲಿನ ಹಿಡಿ ಕೂರಿಸುತ್ತಾನಂತೆ. ಸೋಮವಾರದಿಂದ ಕೆಲಸ.