ಹಳೆಯದು ಎಲ್ಲಿ?

ಶಿರೂರ ಅನಂತಪಾಳದ ನಮ್ಮ ಮನೆಯಲ್ಲಿ ಒಂದು ತಗಡಿನ ಟ್ರಂಕಿತ್ತು. ಹೊಲದ ಸಾತಬಾರಾ, ರೇಷನ್ ಕಾರ್ಡು, ಅವುಗಳ ಕೆಳಗೆ ಅವ್ವನ ಎದೆಯ ಎಕ್ಸ್‌ರೇ. ಕ್ಷಯ ವಾಸಿಯಾದ ಮೇಲೆ ತೆಗೆಸಿದ ಫಿಲಂ ಅದು. ಕಳೆಯಬೇಡಿ ಎಂದು ಡಾಕ್ಟರು ಹೇಳಿದ್ದರು. ಯಾಕೆಂದು ನಾವು ಕೇಳಿರಲಿಲ್ಲ.

ಆಗ ಎಕ್ಸ್‌ರೇ ಎಂದರೆ ಅರ್ಧ ದಿನದ ಕೆಲಸ. ಬೆಳ್ಳಿಯ ಲವಣ ಸವರಿದ ಫಿಲಮನ್ನು ಕತ್ತಲೆ ಕೋಣೆಯಲ್ಲಿ, ಮಂದ ಕೆಂಪು ದೀಪದಡಿ ಡೆವಲಪರಿನಲ್ಲಿ ಅದ್ದಿ, ಹೈಪೋದಲ್ಲಿ ಮುಳುಗಿಸಿ, ತೊಳೆದು ತೂಗುಹಾಕಿ ಒಣಗಿಸಬೇಕು. ಕಿರಣ ಹೆಚ್ಚಾದರೆ ಕಪ್ಪು, ಕಡಿಮೆಯಾದರೆ ಬಿಳಿಚು. ಹಾಗಾದರೆ ಮತ್ತೆ ಕಿರಣ, ಮತ್ತೆ ದುಡ್ಡು.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪವಾಯಿತು. ನಮ್ಮ ಕಲ್ಲು-ಮಣ್ಣಿನ ಗೋಡೆ ಬಿರಿಯಿತು. ಪತ್ರಾ ಶೆಡ್ಡಿಗೆ ಹೋದೆವು, ಟ್ರಂಕೂ ಬಂತು. ಬೇಸಿಗೆಯಲ್ಲಿ ಪತ್ರಾದ ಕಾವು, ಮಳೆಗಾಲದಲ್ಲಿ ತೇವ. ಕೆಲವು ವರ್ಷದ ಮೇಲೆ ಅವ್ವನಿಗೆ ಮತ್ತೆ ಕೆಮ್ಮು ಹತ್ತಿತು. ಲಾತೂರಿನ ಡಾಕ್ಟರು ಹೊಸ ಫಿಲಮನ್ನು ಬೆಳಕಿಗೆ ಹಿಡಿದು ಮರಾಠಿಯಲ್ಲಿ ಕೇಳಿದ್ದು ಒಂದೇ: ಹಳೆಯದು ಎಲ್ಲಿ?

ಮನೆಗೆ ಬಂದು ಟ್ರಂಕು ತೆಗೆದರೆ ಫಿಲಂ ಲಕೋಟೆಗೆ ಅಂಟಿಕೊಂಡಿತ್ತು. ಬಿಡಿಸಹೋದರೆ ಚಿತ್ರವೇ ಕಿತ್ತು ಬಂತು. ಪುಪ್ಪುಸದ ಮೇಲ್ಭಾಗದ ಮಚ್ಚೆ ಮಾಗಿದ ಗಾಯದ ಕಲೆಯೋ ಹೊಸ ರೋಗವೋ ಎಂದು ಹೋಲಿಸಲು ಏನೂ ಉಳಿಯಲಿಲ್ಲ. ಕಫದ ಪರೀಕ್ಷೆ, ಕೆಲವು ವಾರ ಬಿಟ್ಟು ಇನ್ನೊಂದು ಎಕ್ಸ್‌ರೇ, ಪ್ರತಿ ಸಲವೂ ಎಸ್‌ಟಿ ಬಸ್ಸು. ಕೊನೆಗೆ ಕಲೆಯೇ ಎಂದಾಯಿತು. ಆ ಎರಡು ತಿಂಗಳು ಅವ್ವ ತನ್ನ ಗಂಗಾಳ ಬೇರೆ ಇಟ್ಟುಕೊಂಡು ಉಂಡಳು.

ಅದೇ 1993ರಲ್ಲಿ ಹೊರದೇಶದಲ್ಲಿ ಡೈಕಾಮ್ ಎಂಬ ಹೆಸರಿನ ನಿಯಮಾವಳಿ ಬಂದಿತ್ತು. ಒಂದು ಕಂಪನಿಯ ಯಂತ್ರ ತೆಗೆದ ಚಿತ್ರವನ್ನು ಇನ್ನೊಂದು ಕಂಪನಿಯ ಗಣಕ ಓದಬೇಕು, ರೋಗಿಯ ಹೆಸರು, ತಾರೀಖು ಚಿತ್ರದ ಜೊತೆಗೇ ಇರಬೇಕು ಎಂಬುದು ಅದರ ಸಾರ. ನಮ್ಮತ್ತ ಅದು ಬರಲು ಬಹಳ ವರ್ಷ ಹಿಡಿಯಿತು.

ಈಚೆಗೆ ನನಗೇ ಕೆಮ್ಮು. ಪ್ಲೇಟಿಗೆ ಎದೆಯೊತ್ತಿ ಉಸಿರು ಹಿಡಿದೆ. ಅಂಗಿ ತೊಡುವುದರೊಳಗೆ ಚಿತ್ರ ಪರದೆಯ ಮೇಲಿತ್ತು. ಡಾಕ್ಟರು ಕಪ್ಪು-ಬಿಳುಪು ಹೆಚ್ಚುಕಡಿಮೆ ಮಾಡಿ ಪಕ್ಕೆಲುಬಿನ ಹಿಂದೆಲ್ಲ ನೋಡಿದರು. ಇನ್ನೊಂದು ಸಲ ಕಿರಣ ಬಿಡಬೇಕಾಗಲಿಲ್ಲ. ಮೂರು ವರ್ಷದ ಹಿಂದಿನ ಚಿತ್ರವನ್ನು ಪಕ್ಕದಲ್ಲೇ ತೆರೆದರು. ಎರಡರಲ್ಲೂ ವ್ಯತ್ಯಾಸವಿರಲಿಲ್ಲ. ಕೆಮ್ಮಿನ ಔಷಧ ಬರೆದು ಕಳಿಸಿದರು.

ಆದರೆ ಮಹಾರಾಷ್ಟ್ರ-ಕರ್ನಾಟಕ ಗಡಿಯ ನಮಗೆ ಒಂದು ತೊಡಕುಂಟು. ಒಮ್ಮೆ ಉದಗೀರ, ಒಮ್ಮೆ ಬೀದರ್, ಒಮ್ಮೆ ಸೊಲ್ಲಾಪುರ. ದವಾಖಾನೆಗೊಂದು ಕಾಗುಣಿತದಲ್ಲಿ ನಮ್ಮ ಹೆಸರು. ಚಿತ್ರ ಎಲ್ಲೋ ಇದ್ದರೂ ಹುಡುಕಿದರೆ ಸಿಗದು. ಅದಕ್ಕೇ ಹೋದಲ್ಲೆಲ್ಲ 14 ಅಂಕಿಯ ಆಭಾ ಎಂಬ ಆರೋಗ್ಯ ಖಾತೆ ಸಂಖ್ಯೆ ಬರೆಸುತ್ತೇನೆ. ಫೋನಿನಲ್ಲಿ ಹಿಡಿದ ಫೋಟೊವನ್ನು ನೆಚ್ಚುವುದಿಲ್ಲ: 12 ಬಿಟ್ಟಿನ ಮೂಲ ಚಿತ್ರದಲ್ಲಿ 4096 ಛಾಯೆಗಳಿಗೆ ಎಡೆಯಿದ್ದರೆ, ವಾಟ್ಸಾಪಿನ ಪ್ರತಿಯಲ್ಲಿ 256ಕ್ಕೆ ಮಾತ್ರ. ಮೂಲ ಕಡತವನ್ನೇ ಕೇಳಿ ಪೆನ್‌ಡ್ರೈವಿಗೆ ಹಾಕಿಸಿಕೊಂಡು, ಮಗಳ ಗಣಕದಲ್ಲೂ ಒಂದು ಪ್ರತಿ ಇಡಿಸುತ್ತೇನೆ. ಒಂದೇ ಟ್ರಂಕನ್ನು ನಂಬಿದ್ದರ ಬೆಲೆ ಅವ್ವ ತೆತ್ತಾಗಿದೆ.